ಕೌಲಿಂಗ್ ಒತ್ತಡಮಾಪನ (ಸ್ವನಿರ್ಮಿತ ವಿಮಾನಗಳಲ್ಲಿ)

ಗಾಳಿಯಿಂದ ತಣಿಯುವ ಪಿಸ್ಟನ್ ಎಂಜಿನ್‌ನ ಹೊದಿಕೆಯನ್ನು ಕೌಲಿಂಗ್ ಎನ್ನುತ್ತಾರೆ. ಅದರೊಳಗೆ ಹರಿಯುವ ಗಾಳಿಯ ಒತ್ತಡವನ್ನು ಹಾರಾಟದಲ್ಲಿ ಅಳೆಯುವುದೇ ಕೌಲಿಂಗ್ ಒತ್ತಡಮಾಪನ. ಕಾರ್ಖಾನೆಯ ವಿಮಾನಗಳಲ್ಲಿ ಈ ಕೆಲಸ ಪ್ರಮಾಣೀಕರಣದ ಹೊತ್ತಿಗೇ ಮುಗಿದಿರುತ್ತದೆ. ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ವಿಮಾನಗಳಲ್ಲಿ ಗಾಳಿಬಾಯಿಯ ಅಳತೆ, ತಡೆತಗಡುಗಳ ಜೋಡಣೆ ಮತ್ತು ಹೊರದಾರಿಯ ಆಕಾರ ಒಂದರಿಂದ ಇನ್ನೊಂದಕ್ಕೆ ಬೇರೆಯಾಗುವುದರಿಂದ ಪ್ರತಿ ವಿಮಾನವನ್ನೂ ಹೊಸದಾಗಿ ಅಳೆಯಬೇಕಾಗುತ್ತದೆ. ಸಿಲಿಂಡರ್ ಹೆಡ್‌ನ ತಾಪಮಾಪಕ ಎಂಜಿನ್ ಕಾದಿದೆ ಎಂದಷ್ಟೇ ಹೇಳುತ್ತದೆ. ತೊಂದರೆ ಗಾಳಿ ಒಳಬರುವಲ್ಲಿದೆಯೇ, ಸೋರಿಕೆಯಲ್ಲಿದೆಯೇ, ಹೊರಹೋಗುವಲ್ಲಿದೆಯೇ ಎಂಬುದು ಒತ್ತಡದ ಅಳತೆಯಿಂದ ತಿಳಿಯುತ್ತದೆ.

ತತ್ತ್ವ

ಲೈಕಮಿಂಗ್ ಓ-320, ಓ-360, ಕಾಂಟಿನೆಂಟಲ್ ಓ-200ರಂಥ ಎಂಜಿನ್‌ಗಳಲ್ಲಿ ಸಿಲಿಂಡರ್‌ಗಳು ಎಡಬಲಕ್ಕೆ ಅಡ್ಡವಾಗಿ ಚಾಚಿಕೊಂಡಿರುತ್ತವೆ. ಪ್ರೊಪೆಲರ್‌ನ ಹಿಂದಿನ ಎರಡು ಬಾಯಿಗಳಿಂದ ನುಗ್ಗಿದ ಗಾಳಿ ಎಂಜಿನ್‌ನ ಮೇಲಿನ ಕೋಣೆಯಲ್ಲಿ ನಿಧಾನಗೊಂಡು ಒತ್ತಡವಾಗಿ ಮಾರ್ಪಡುತ್ತದೆ. ಅಲ್ಲಿಂದ ಸಿಲಿಂಡರ್‌ಗಳ ಫಿನ್‌ಗಳ ಸಂದಿಯಲ್ಲಿ ಕೆಳಗಿಳಿದು, ಕೆಳಕೋಣೆ ಸೇರಿ, ಹಿಂಬದಿಯ ಕಂಡಿಯಿಂದ ಹೊರಬೀಳುತ್ತದೆ. ಎರಡು ಕೋಣೆಗಳನ್ನು ಬೇರ್ಪಡಿಸುವುದು ಬ್ಯಾಫಲ್ ಎಂಬ ಅಲ್ಯೂಮಿನಿಯಂ ತಗಡು ಮತ್ತು ಅದರ ಅಂಚಿಗೆ ಹೊಡೆದ ರಬ್ಬರ್ ಪಟ್ಟಿ. ಗಾಳಿಯನ್ನು ಫಿನ್‌ಗಳ ಮೂಲಕ ನೂಕುವುದು ಮೇಲಿನ ಮತ್ತು ಕೆಳಗಿನ ಕೋಣೆಗಳ ಒತ್ತಡದ ವ್ಯತ್ಯಾಸ. ಮೇಲಿನ ಒತ್ತಡ ಎಷ್ಟೇ ಇದ್ದರೂ ಕೆಳಗಿನದೂ ಅಷ್ಟೇ ಏರಿದ್ದರೆ ಗಾಳಿ ಹರಿಯುವುದಿಲ್ಲ.

ಒತ್ತಡವನ್ನು ನೀರಿನ ಕಂಬದ ಇಂಚುಗಳಲ್ಲಿ ಹೇಳುವುದು ರೂಢಿ. ಒಂದು ಇಂಚು ನೀರು ಸುಮಾರು 249 ಪಾಸ್ಕಲ್. ಎಳನೀರಿನ ಸ್ಟ್ರಾದಲ್ಲಿ ನೀರನ್ನು ಐದು ಇಂಚು ಮೇಲೇರಿಸುವ ಹೀರಿಕೆಗಿಂತ ಈ ಎಂಜಿನ್‌ಗಳಿಗೆ ಬೇಕಾದ ವ್ಯತ್ಯಾಸ ಬಹಳ ಹೆಚ್ಚೇನಲ್ಲ. 180 ಅಶ್ವಶಕ್ತಿಯ ವರ್ಗಕ್ಕೆ ಸಾಮಾನ್ಯವಾಗಿ 5ರಿಂದ 6 ಇಂಚನ್ನು ಗುರಿಯಾಗಿ ಹೇಳುತ್ತಾರೆ; ನಿಖರವಾದ ಅಂಕಿ ಶಕ್ತಿ, ಹೊರಗಿನ ತಾಪಮಾನ, ಮಿಶ್ರಣ ಇವುಗಳನ್ನು ಅವಲಂಬಿಸಿದೆ. ಈ ಲೈಕಮಿಂಗ್‌ಗಳ ಹೆಡ್ ತಾಪದ ಗರಿಷ್ಠ ಮಿತಿ 260 ಡಿಗ್ರಿ ಸೆಲ್ಸಿಯಸ್. ಬಾಳಿಕೆಯ ದೃಷ್ಟಿಯಿಂದ 224 ಡಿಗ್ರಿಯ ಒಳಗೆ ಇರಿಸಿಕೊಳ್ಳುವುದು ತಯಾರಕರ ಸಲಹೆ.

ದೊರೆಯಬಹುದಾದ ಒಟ್ಟು ಒತ್ತಡ ವೇಗದ ವರ್ಗಕ್ಕೆ ಅನುಗುಣವಾದದ್ದು. ಸೂಚಿತ ವೇಗ 160 ನಾಟ್ ಇದ್ದಾಗ ಎದುರುಗಾಳಿಯ ಗತಿ ಒತ್ತಡ 16.7 ಇಂಚು, 90 ನಾಟ್‌ನಲ್ಲಿ ಅದು ಬರೀ 5.3 ಇಂಚು. ಮೇಲ್ಕೋಣೆ ಇದರ ಶೇ. 80ನ್ನು ಹಿಡಿದಿಟ್ಟುಕೊಂಡು ಕೆಳಕೋಣೆಯಲ್ಲಿ ಶೇ. 20 ಉಳಿದರೆ, 90 ನಾಟ್‌ನ ಏರುಹಾರಾಟದಲ್ಲಿ ಎಂಜಿನ್‌ಗೆ ಸಿಗುವ ವ್ಯತ್ಯಾಸ 3.2 ಇಂಚು. ಪ್ರೊಪೆಲರ್ ಹಿಂದೆ ತಳ್ಳುವ ಗಾಳಿ ಇದಕ್ಕೆ ಸ್ವಲ್ಪ ಸೇರಬಹುದು. ವೇಗ 110 ನಾಟ್‌ಗೆ ಏರಿದರೆ ಅದೇ ಕೌಲಿಂಗ್‌ನಲ್ಲಿ 4.7 ಇಂಚು ದೊರೆಯುತ್ತದೆ. ಏರುವಾಗ ಎಂಜಿನ್ ಕಾದರೆ ಮೂತಿ ತಗ್ಗಿಸಿ ವೇಗ ಹೆಚ್ಚಿಸಿಕೊಳ್ಳಿ ಎಂದು ಪೈಲಟ್‌ಗಳು ಹೇಳುವುದರ ಹಿಂದಿರುವ ಲೆಕ್ಕ ಇದು.

ಇತಿಹಾಸ

ಗಾಳಿತಣಿಕೆಯ ಎಂಜಿನ್‌ಗೆ ಪೂರ್ಣ ಹೊದಿಕೆ ಹಾಕಬಹುದೆಂದು ತೋರಿಸಿದ್ದು ಅಮೆರಿಕದ ನಾಕಾ ಸಂಸ್ಥೆ. 1928ರಲ್ಲಿ ಲ್ಯಾಂಗ್ಲಿಯ 20 ಅಡಿ ವ್ಯಾಸದ ಪ್ರೊಪೆಲರ್ ಸಂಶೋಧನಾ ಸುರಂಗದಲ್ಲಿ ಫ್ರೆಡ್ ವೀಕ್ ಅವರ ತಂಡ ವಿರ್ಲ್‌ವಿಂಡ್ ಜೆ-5 ರೇಡಿಯಲ್ ಎಂಜಿನ್ ಮೇಲೆ ಪ್ರಯೋಗ ನಡೆಸಿತು. ಹೊದಿಕೆಯಿಂದ ಎಳೆತ ತಗ್ಗಿತಾದರೂ ಮೊದಲ ವಿನ್ಯಾಸಗಳಲ್ಲಿ ಸಿಲಿಂಡರ್‌ಗಳು ಕಾದವು. ಗಾಳಿಯನ್ನು ಸಿಲಿಂಡರ್‌ಗಳತ್ತ ತಿರುಗಿಸುವ ಒಳತಗಡುಗಳನ್ನು ಸೇರಿಸಿದ ಮೇಲೆಯೇ ತಣಿಕೆ ಸರಿಹೋಯಿತು. ಕರ್ಟಿಸ್ ಎಟಿ-5ಎ ವಿಮಾನದ ವೇಗ ಗಂಟೆಗೆ 118 ಮೈಲಿಯಿಂದ 137ಕ್ಕೆ ಏರಿತು. ನಾಕಾಕ್ಕೆ 1929ರ ಕಾಲಿಯರ್ ಪ್ರಶಸ್ತಿ ಸಂದಿತು.

ಒತ್ತಡದ ಭಾಷೆಯಲ್ಲಿ ಕೌಲಿಂಗನ್ನು ವಿವರಿಸುವ ಕ್ರಮ ಗಟ್ಟಿಯಾದದ್ದು ಮುಂದಿನ ದಶಕದಲ್ಲಿ. ಥಿಯೊಡೋರ್ಸೆನ್, ಬ್ರೆವೂರ್ಟ್ ಮತ್ತು ಸ್ಟಿಕಲ್ 1937ರ ನಾಕಾ ವರದಿ 592ರಲ್ಲಿ ಹೊದಿಕೆಯನ್ನು ಒಂದು ಪಂಪ್ ಎಂದೂ ಎಂಜಿನನ್ನು ಗಾಳಿಗೆ ಅಡ್ಡಬಂದ ಪ್ರತಿರೋಧ ಎಂದೂ ಪರಿಗಣಿಸಿದರು. ಇಂದು ಹವ್ಯಾಸಿ ನಿರ್ಮಾಪಕ ಮಾಡುವ ಲೆಕ್ಕದ ಬೇರು ಇಲ್ಲಿದೆ. ಅದಕ್ಕೆ ಎರಡು ವರ್ಷ ಮೊದಲು ಬ್ರಿಟನ್ನಿನ ಫಾರ್ನ್‌ಬರೋದಲ್ಲಿ ಎಫ್. ಡಬ್ಲ್ಯು. ಮೆರೆಡಿತ್, ಕಾದ ಗಾಳಿಯನ್ನು ಸರಿಯಾಗಿ ಹೊರಬಿಟ್ಟರೆ ತಣಿಕೆಯ ಎಳೆತದ ಒಂದು ಪಾಲು ಮರಳಿ ದೊರೆಯುತ್ತದೆ ಎಂದು ತೋರಿಸಿದ್ದರು. ಅವರ ವಿಷಯ ದ್ರವತಣಿಕೆಯ ರೇಡಿಯೇಟರ್ ಆಗಿದ್ದರೂ ಹೊರದಾರಿಗೆ ಮಹತ್ವ ಕೊಟ್ಟ ಆರಂಭದ ಬರಹಗಳಲ್ಲಿ ಅದೊಂದು.

ಅಡ್ಡ ಸಿಲಿಂಡರ್‌ಗಳ ಸಣ್ಣ ಎಂಜಿನ್‌ಗಳಿಗೆ ಇಂಥ ಗಮನ ತಡವಾಗಿ ದಕ್ಕಿತು. ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೈಲಿ ಮತ್ತು ಸಹೋದ್ಯೋಗಿಗಳು 1970ರ ದಶಕದ ಕೊನೆಯಲ್ಲಿ ನಡೆಸಿದ ಅಧ್ಯಯನ 1981ರಲ್ಲಿ ನಾಸಾದ ಗುತ್ತಿಗೆ ವರದಿ 3405 ಆಗಿ ಪ್ರಕಟವಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಾಸಾ ಏಮ್ಸ್‌ನ 40×80 ಅಡಿ ಸುರಂಗದಲ್ಲಿ ಲಘು ವಿಮಾನವೊಂದರ ಪೂರ್ಣ ಗಾತ್ರದ ಎಂಜಿನ್ ಗೂಡನ್ನು ಪರೀಕ್ಷಿಸಲಾಯಿತು. ಸ್ವನಿರ್ಮಿತ ವಿಮಾನಗಳ ಲೋಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಸ್ಥಾಪಿಸಿದ ಇಎಎ ಸಂಘದ ‘ಸ್ಪೋರ್ಟ್ ಏವಿಯೇಶನ್’ ಪತ್ರಿಕೆ ಈ ಜ್ಞಾನವನ್ನು ಹರಡಿತು. ಕ್ಯಾಲಿಫೋರ್ನಿಯಾದ ಕೆಫೆ ಫೌಂಡೇಶನ್ 1990ರ ದಶಕದಲ್ಲಿ ಸ್ವನಿರ್ಮಿತ ವಿಮಾನಗಳ ಹಾರಾಟ ಪರೀಕ್ಷಾ ವರದಿಗಳನ್ನು ಅದರಲ್ಲೇ ಪ್ರಕಟಿಸಿತು.

ಒತ್ತಡ ಹಿಡಿಯುವ ನಳಿಕೆ

ಅಳತೆ ಕೆಡುವುದು ಬಹುಪಾಲು ಮಾಪಕದಲ್ಲಲ್ಲ, ನಳಿಕೆಯ ತುದಿಯಲ್ಲಿ. ಬೇಕಾಗಿರುವುದು ಕೋಣೆಯ ಸ್ಥಿರ ಒತ್ತಡ. ಆದರೆ ತೆರೆದ ನಳಿಕೆಯ ಬಾಯಿ ಹರಿವಿಗೆ ಎದುರಾಗಿದ್ದರೆ ಗಾಳಿಯ ಹೊಡೆತವೂ ಅಂಕಿಗೆ ಸೇರುತ್ತದೆ. ಗಾಳಿಬಾಯಿಯ ಹಿಂದೆಯೇ ಹರಿವು ಸೆಕೆಂಡಿಗೆ 30 ಮೀಟರ್ ಇದ್ದರೆ ಈ ಹೊಡೆತ 2.2 ಇಂಚಿಗೆ ಸಮ. ಬೇಕಾದ ಒಟ್ಟು ವ್ಯತ್ಯಾಸದ ಮೂರನೇ ಒಂದು ಪಾಲಿಗೂ ಹೆಚ್ಚು. ಬಾಯಿ ಅಡ್ಡವಾಗಿದ್ದರೆ ತುದಿಯಲ್ಲಿ ಹೀರಿಕೆ ಉಂಟಾಗಿ ಅಂಕಿ ಕಡಿಮೆ ಬರುತ್ತದೆ. ಹರಿವು 5 ಮೀಟರ್‌ಗೆ ಇಳಿಯುವ ಮೂಲೆಯಲ್ಲಿ ಇದೇ ದೋಷ 0.06 ಇಂಚು ಮಾತ್ರ. ಹೀಗಾಗಿ ನಳಿಕೆಯನ್ನು ಎಲ್ಲಿ ಕಟ್ಟಬೇಕು ಎಂಬುದು ಯಾವ ಮಾಪಕ ಕೊಳ್ಳಬೇಕು ಎಂಬುದಕ್ಕಿಂತ ಮುಖ್ಯ.

ಪ್ರಚಲಿತ ಉಪಾಯ ಎರಡು. ಮೊದಲನೆಯದು ಪಿಕೊಲೊ ನಳಿಕೆ: ಕಾಲು ಇಂಚಿನ ಅಲ್ಯೂಮಿನಿಯಂ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಮೈಯುದ್ದಕ್ಕೂ ಸುಮಾರು ಒಂದು ಮಿಲಿಮೀಟರಿನ ತೂತುಗಳನ್ನು ಕೊರೆದು, ಸಿಲಿಂಡರ್ ಸಾಲಿನ ಉದ್ದಕ್ಕೆ ಕಟ್ಟುವುದು. ತೂತಿನ ಅಂಚಿನಲ್ಲಿ ಉಳಿದ ಲೋಹದ ಮುಳ್ಳು ಹರಿವನ್ನು ಕೆದಕಿ ಓದಿಕೆಯನ್ನು ತಪ್ಪಿಸುವುದರಿಂದ ಒಳಹೊರಗೆ ಎರಡೂ ಕಡೆ ಉಜ್ಜಿ ತೆಗೆಯಬೇಕು. ಪಿಕೊಲೊ ಸರಾಸರಿ ಕೊಡುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. ಉದ್ದಕ್ಕೂ ಒತ್ತಡ ಒಂದೇ ಇಲ್ಲದಿದ್ದಾಗ ಗಾಳಿ ಒಂದು ತೂತಿನಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ. ಆಗ ಬರುವ ಅಂಕಿ ನಿಜವಾದ ಸರಾಸರಿ ಆಗಬೇಕೆಂದಿಲ್ಲ. ಎರಡನೆಯದು ನಳಿಕೆಯ ತುದಿಗೆ ಸರಂಧ್ರ ವಸ್ತುವಿನ ಮುಸುಕು ಹಾಕುವುದು. ತೆರೆಕಣದ ಫೋಮ್ ಇಲ್ಲವೇ ಸಣ್ಣ ಇಂಧನ ಫಿಲ್ಟರ್ ಗಾಳಿಯ ಹೊಡೆತವನ್ನು ಬಹುಮಟ್ಟಿಗೆ ನುಂಗುತ್ತದೆ. ಸಿಲಿಂಡರ್‌ಗಳ ನಡುವೆ ಒತ್ತಡದ ಹೆಚ್ಚುಕಡಿಮೆಯನ್ನು ಪತ್ತೆ ಮಾಡಲು ಇಂಥ ಬಿಡಿ ನಳಿಕೆಗಳೇ ಹೆಚ್ಚು ಉಪಯುಕ್ತ.

ಕೆಳಕೋಣೆಯ ನಳಿಕೆಯನ್ನು ಬ್ಯಾಫಲ್ ಸಂದಿಯಿಂದ ಚಿಮ್ಮುವ ಗಾಳಿಗೆ ಎದುರಾಗದಂತೆ ಇರಿಸಬೇಕು. ನಿಷ್ಕಾಸ ಕೊಳವೆಯ ಬಳಿ ಪ್ಲಾಸ್ಟಿಕ್ ಕರಗುವುದರಿಂದ ಅಲ್ಲಿ ಲೋಹದ ನಳಿಕೆ, ಆಚೆಗೆ ಸಿಲಿಕೋನ್ ಟ್ಯೂಬು. ಬೆಂಕಿತಡೆ ಗೋಡೆಯನ್ನು ದಾಟುವ ಜಾಗದಲ್ಲಿ ಲೋಹದ ಜೋಡಣೆಯೇ ಬೇಕು. ಟ್ಯೂಬು ನುಗ್ಗಿಸಿದ ತೂತು ಬೆಂಕಿ ಬಿದ್ದಾಗ ಕಾಕ್‌ಪಿಟ್‌ಗೆ ದಾರಿಯಾಗುತ್ತದೆ. ಹಾರುವ ಮೊದಲು ತುದಿಯನ್ನು ಮುಚ್ಚಿ, ಟ್ಯೂಬಿನಿಂದ ಗಾಳಿ ಹೀರಿ, ಮಾಪಕದ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡಿದರೆ ಸೋರಿಕೆ ಗೊತ್ತಾಗುತ್ತದೆ.

ಮಾಪಕಗಳು

ಬಣ್ಣದ ನೀರು ತುಂಬಿದ ಯು-ಟ್ಯೂಬು ಅಗ್ಗವಾದದ್ದು, ನೆಲದ ಮೇಲೆ ಇತರ ಮಾಪಕಗಳನ್ನು ಹೊಂದಿಸಲು ಸಾಕಾಗುವಷ್ಟು ನಿಖರವಾದದ್ದು. ಗಾಳಿಯಲ್ಲಿ ಅದಕ್ಕೆ ನೇರ, ಸ್ಥಿರ ಹಾರಾಟ ಬೇಕು: 60 ಡಿಗ್ರಿ ವಾಲಿದ ಸಮತಲ ತಿರುವಿನಲ್ಲಿ ಭಾರ ಇಮ್ಮಡಿಯಾಗಿ ಕಂಬ ಅರ್ಧಕ್ಕೆ ಕುಸಿಯುತ್ತದೆ. ಹಳೆಯ ವಾಯುವೇಗಮಾಪಕವೊಂದರ ಪಿಟೊ ಬಾಯಿಗೆ ಮೇಲ್ಕೋಣೆಯನ್ನೂ ಸ್ಥಿರ ಬಾಯಿಗೆ ಕೆಳಕೋಣೆಯನ್ನೂ ಜೋಡಿಸಿದರೆ ವ್ಯತ್ಯಾಸ ನೇರವಾಗಿ ಸಿಗುತ್ತದೆ. ಅದು 88 ನಾಟ್ ತೋರಿಸಿದರೆ 5 ಇಂಚು, 96 ತೋರಿಸಿದರೆ 6 ಇಂಚು. ಓದಿಕೆ 60ರಿಂದ 85ಕ್ಕೆ ಏರಿದರೆ ಒತ್ತಡ ಎರಡರಷ್ಟಾಗಿದೆ ಎಂದು ಅರ್ಥ. ನಾಟ್‌ಗಳನ್ನೇ ಹೋಲಿಸುವವರು ಇಲ್ಲಿ ಎಡವುತ್ತಾರೆ. ಡ್ವೈಯರ್ ಕಂಪನಿಯ ಮ್ಯಾಗ್ನೆಹೆಲಿಕ್ ಮಾಪಕದಲ್ಲಿ ಇಂಚುಗಳೇ ನಮೂದಾಗಿರುತ್ತವೆ. ಎಂಪಿಎಕ್ಸ್‌ವಿ7002ರಂಥ ಎಲೆಕ್ಟ್ರಾನಿಕ್ ಸಂವೇದಕ ಎರಡೂ ದಿಕ್ಕಿಗೆ 2 ಕಿಲೋಪಾಸ್ಕಲ್, ಅಂದರೆ 8 ಇಂಚಿನವರೆಗೆ ಅಳೆದು ದಾಖಲಿಸಲು ಅನುಕೂಲ. ವೇಗದ ವಿಮಾನದ ಮೇಲ್ಕೋಣೆಯನ್ನು ಹೊರಗಿನ ಸ್ಥಿರ ಒತ್ತಡಕ್ಕೆ ಹೋಲಿಸಿ ಅಳೆಯಲು ಆ ವ್ಯಾಪ್ತಿ ಸಾಲದು.

ಹಾರಾಟದ ಕ್ರಮ

ವ್ಯತ್ಯಾಸವೊಂದನ್ನೇ ಅಳೆದರೆ ಅರ್ಧ ಮಾಹಿತಿ. ಮೇಲಿನ ಮತ್ತು ಕೆಳಗಿನ ಒತ್ತಡಗಳನ್ನು ಬೇರೆಬೇರೆಯಾಗಿ, ವಿಮಾನದ ಸ್ಥಿರ ಒತ್ತಡದ ವ್ಯವಸ್ಥೆಗೆ ಹೋಲಿಸಿ ಅಳೆಯಬೇಕು. ಕಾಕ್‌ಪಿಟ್‌ನ ಗಾಳಿಯನ್ನು ಆಧಾರವಾಗಿಟ್ಟುಕೊಳ್ಳುವುದು ಸರಿಯಲ್ಲ. ಕಿಂಡಿ ತೆರೆದರೂ ಮುಚ್ಚಿದರೂ ಅದು ಬದಲಾಗುತ್ತದೆ. ಪ್ರತಿ ಓದಿಕೆಯನ್ನು ಗತಿ ಒತ್ತಡದಿಂದ ಭಾಗಿಸಿದರೆ ಒತ್ತಡ ಗುಣಾಂಕ ಬರುತ್ತದೆ. ಗತಿ ಒತ್ತಡ ಸೂಚಿತ ವೇಗದಿಂದಲೇ ದೊರೆಯುವುದರಿಂದ ಈ ಗುಣಾಂಕಕ್ಕೆ ಎತ್ತರದ ತಿದ್ದುಪಡಿ ಬೇಕಿಲ್ಲ. ತಣಿಸುವ ಸಾಮರ್ಥ್ಯಕ್ಕೆ ಮಾತ್ರ ಬೇಕು: ಹರಿಯುವ ಗಾಳಿಯ ತೂಕ ಸಾಂದ್ರತೆ ಮತ್ತು ಒತ್ತಡ ವ್ಯತ್ಯಾಸಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣ. ಮಾನಕ ವಾತಾವರಣದಲ್ಲಿ 8,000 ಅಡಿಯಲ್ಲಿ ಸಾಂದ್ರತೆ ಸಮುದ್ರಮಟ್ಟದ ಶೇ. 79ರಷ್ಟಿರುವುದರಿಂದ ಅಲ್ಲಿನ 6 ಇಂಚು ಕೆಳಗಿನ 4.7 ಇಂಚಿಗೆ ಸಮ.

ಅಮೆರಿಕದಲ್ಲಿ ಇಂಥ ಅಳತೆಗೆ ಸಹಜ ಅವಕಾಶವೆಂದರೆ ಹೊಸ ವಿಮಾನ ಕಳೆಯಬೇಕಾದ ಮೊದಲ ಹಂತದ ಪರೀಕ್ಷಾ ಹಾರಾಟ. ಪ್ರಮಾಣಿತ ಎಂಜಿನ್-ಪ್ರೊಪೆಲರ್ ಜೋಡಿಗೆ ಸಾಂಪ್ರದಾಯಿಕವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ.

ಓದಿಕೆಗಳ ಅರ್ಥ

ಮೇಲ್ಕೋಣೆಯ ಗುಣಾಂಕ ಕಡಿಮೆಯಿದ್ದರೆ ಗಾಳಿಬಾಯಿಯಲ್ಲಿ ಹರಿವು ಒಡೆಯುತ್ತಿದೆ, ಇಲ್ಲವೇ ರಬ್ಬರ್ ಪಟ್ಟಿಗಳು ಹಿಮ್ಮುಖವಾಗಿ ಮಡಚಿಕೊಂಡು ಗಾಳಿ ಸೋರುತ್ತಿದೆ. ಕೆಳಕೋಣೆಯ ಗುಣಾಂಕ ಹೆಚ್ಚಿದ್ದರೆ ಹೊರದಾರಿ ಇಕ್ಕಟ್ಟಾಗಿದೆ. ನಿರ್ಮಾಪಕರು ಮುಂಬಾಯಿಯನ್ನು ದೊಡ್ಡದು ಮಾಡಲು ಮೊದಲು ಹೊರಡುವುದು ಸಾಮಾನ್ಯ. ಕೆಳಗಿನ ಒತ್ತಡವೇ ಹೆಚ್ಚಿರುವಲ್ಲಿ ಅದರಿಂದ ಎಳೆತ ಬೆಳೆಯುತ್ತದೆಯೇ ಹೊರತು ತಣಿಕೆ ಅಷ್ಟಾಗಿ ಸುಧಾರಿಸದು. ಹೊರದಾರಿಯ ಅಂಚಿಗೆ ಕೆಳಮುಖ ತುಟಿ ಅಥವಾ ತೆರೆದು ಮುಚ್ಚುವ ಫ್ಲ್ಯಾಪ್ ಕೂಡಿಸಿದರೆ ಕೆಳಗಿನ ಒತ್ತಡ ಇಳಿಯುತ್ತದೆ. ವ್ಯತ್ಯಾಸ ಸಾಕಷ್ಟಿದ್ದೂ ಒಂದೇ ಸಿಲಿಂಡರ್ ಕಾದರೆ ಆ ಸಿಲಿಂಡರ್‌ನ ಬ್ಯಾಫಲ್ ಹತ್ತಿರದಿಂದ ಸುತ್ತಿಕೊಂಡಿಲ್ಲ ಎಂಬ ಅನುಮಾನ ಬಲವಾಗುತ್ತದೆ. ಎಲ್ಲ ಸಿಲಿಂಡರ್‌ಗಳೂ ಕಾದರೆ ಮಿಶ್ರಣ ಮತ್ತು ಕಿಡಿಯ ಹೊತ್ತನ್ನು ನೋಡಬೇಕು. ಅವು ಒತ್ತಡಮಾಪಕಕ್ಕೆ ಕಾಣದ ಸಂಗತಿಗಳು.

ಹಿಂಪ್ರೊಪೆಲರ್ ವಿಮಾನಗಳು

ಬರ್ಟ್ ರುಟಾನ್ ಅವರ ವೇರಿ-ಈಜಿ, ಲಾಂಗ್-ಈಜಿ ವಿಮಾನಗಳಲ್ಲಿ ಎಂಜಿನ್ ಹಿಂದಿದೆ. ಮೂಲ ನಕ್ಷೆಯಲ್ಲಿ ಗಾಳಿ ಹೊಟ್ಟೆಯ ಕೆಳಗಿನಿಂದ ಹೊಕ್ಕು ಸಿಲಿಂಡರ್‌ಗಳ ನಡುವೆ ಮೇಲೇರುತ್ತದೆ; ಹೆಚ್ಚು ಒತ್ತಡದ ಕೋಣೆ ಇಲ್ಲಿ ಕೆಳಗಿನದು. ಉದ್ದನೆಯ ಒಡಲನ್ನು ಸವರಿಕೊಂಡು ಬಂದ ನಿಧಾನದ ಗಾಳಿಪದರ ಬಾಯಿಗೆ ನುಗ್ಗುವುದರಿಂದ ಮುಂಪ್ರೊಪೆಲರ್ ವಿಮಾನದ ಗುಣಾಂಕಗಳನ್ನು ಇದಕ್ಕೆ ಹೋಲಿಸಲಾಗದು.

ಬೆಂಗಳೂರಿನ ಎನ್‌ಎಎಲ್ 1987ರಲ್ಲಿ ಹಾರಿಸಿದ ಲಘು ಕೆನಾರ್ಡ್ ಸಂಶೋಧನಾ ವಿಮಾನ ಲಾಂಗ್-ಈಜಿಯನ್ನೇ ಆಧರಿಸಿದ್ದು. ಅದೇ ಸಂಸ್ಥೆಯ ಹಂಸ-3 ಬಳಸುವ ರೋಟಾಕ್ಸ್ 914ರಲ್ಲಿ ಸಿಲಿಂಡರ್ ಹೆಡ್‌ಗಳು ದ್ರವದಿಂದ ತಣಿಯುತ್ತವೆ. ಅಂಥ ಎಂಜಿನ್‌ನಲ್ಲಿ ರೇಡಿಯೇಟರ್‌ನ ಹಿಂದೆಮುಂದಿನ ಒತ್ತಡವೂ ಅಳೆಯಬೇಕಾದ ವ್ಯತ್ಯಾಸಗಳ ಪಟ್ಟಿಗೆ ಸೇರುತ್ತದೆ.