ಎಚ್.ಐ.ವಿ. ಸೋಂಕಿತ ಹದಿಹರೆಯದ ಹೆಣ್ಣುಮಕ್ಕಳು: ಚಿಕಿತ್ಸೆ ಮತ್ತು ಹಕ್ಕುಗಳು

ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಎಚ್.ಐ.ವಿ. ಚಿಕಿತ್ಸೆಯನ್ನು ಉಚಿತವಾಗಿ ನೀಡಲಾಗುತ್ತದೆ. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ 2004ರ ಏಪ್ರಿಲ್ 1ರಂದು ಈ ಕಾರ್ಯಕ್ರಮವು ಪ್ರಾರಂಭವಾಯಿತು. ತಾಯಿಯಿಂದ ಸೋಂಕು ತಗುಲಿದ ಅನೇಕ ಹೆಣ್ಣುಮಕ್ಕಳು ಈ ಚಿಕಿತ್ಸೆಯ ಫಲವಾಗಿ ಹದಿಹರೆಯ ತಲುಪಿದ್ದಾರೆ.

ಚಿಕಿತ್ಸೆ: ಮಾತ್ರೆಗಳನ್ನು ಪ್ರತಿದಿನ ನಿಗದಿತ ವೇಳೆಗೆ, ಜೀವನಪರ್ಯಂತ ಸೇವಿಸತಕ್ಕದ್ದು. ಆರೋಗ್ಯ ಸುಧಾರಿಸಿತೆಂದು ಅಥವಾ ಹಾಸ್ಟೆಲಿನಲ್ಲಿ ಇತರರಿಗೆ ತಿಳಿದೀತೆಂಬ ಅಳುಕಿನಿಂದ ನಿಲ್ಲಿಸಿದಲ್ಲಿ ವೈರಾಣು ಪುನಃ ಹೆಚ್ಚುವುದಲ್ಲದೆ ಔಷಧಕ್ಕೆ ಬಗ್ಗದಂತಾಗಬಹುದು. ವ್ಯಾಸಂಗಕ್ಕಾಗಿ ಬೇರೆ ಊರಿಗೆ ತೆರಳುವವರು ಅಲ್ಲಿನ ಕೇಂದ್ರಕ್ಕೆ ವರ್ಗಾವಣೆ ಪಡೆಯಬಹುದು. ಕ್ರಮಬದ್ಧ ಚಿಕಿತ್ಸೆಯಲ್ಲಿರುವವರು ಮುಂದೆ ವಿವಾಹವಾಗಿ ಸೋಂಕುರಹಿತ ಮಗುವನ್ನು ಪಡೆಯಲು ಸಾಧ್ಯವಿದೆ.

ಕಾನೂನಿನ ರಕ್ಷಣೆ: 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಅಧಿನಿಯಮ, 2017ರನ್ವಯ:

1. ಸೋಂಕಿನ ಕಾರಣಕ್ಕಾಗಿ ಶಾಲಾ-ಕಾಲೇಜು ಪ್ರವೇಶವನ್ನು ನಿರಾಕರಿಸುವಂತಿಲ್ಲ.
2. ನ್ಯಾಯಾಲಯದ ಆದೇಶದ ಹೊರತು, ಸೋಂಕಿನ ವಿವರ ತಿಳಿಸುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ.
3. ಸೋಂಕು ಬಾಧಿತ ಕುಟುಂಬದ ವ್ಯವಹಾರಗಳನ್ನು ನಿರ್ವಹಿಸುವ ತಿಳಿವಳಿಕೆಯುಳ್ಳ, 12 ವರ್ಷ ತುಂಬಿದ 18 ವರ್ಷದೊಳಗಿನ ಬಾಲಕಿಯು ತನ್ನ ತಮ್ಮ-ತಂಗಿಯರ ಶಾಲಾ ಪ್ರವೇಶ, ಬ್ಯಾಂಕ್ ಖಾತೆ ಹಾಗೂ ಚಿಕಿತ್ಸೆಯ ಸಂಬಂಧದಲ್ಲಿ ಪೋಷಕಳಾಗಿ ಕಾರ್ಯನಿರ್ವಹಿಸಬಹುದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚಕರನ್ನು ಅಥವಾ ಉಚಿತ ಸಹಾಯವಾಣಿ 1097 ಅನ್ನು ಸಂಪರ್ಕಿಸುವುದು.