ಮಲಪ್ರಭಾ ತೀರದ ಮೂರು ಶಿಲೆಗಳು

ಬಾದಾಮಿಯ ಮೂರನೆಯ ಗುಹಾಲಯವು ಶಕ 500ರಲ್ಲಿ, ಎಂದರೆ ಕ್ರಿ. ಶ. 578ರಲ್ಲಿ, ಮಂಗಲೇಶನಿಂದ ನಿರ್ಮಿತವಾಯಿತೆಂದು ಅಲ್ಲಿಯ ಶಾಸನದಿಂದ ತಿಳಿದುಬರುವುದು. ಆ ಗುಡ್ಡಕ್ಕೆ ಉಳಿ ತಗಲುವುದಕ್ಕೆ ಎಷ್ಟೋ ಕಾಲ ಮುಂಚೆಯೇ ಹಳೆಯ ಶಿಲಾಯುಗದ ಮನುಷ್ಯನು ಅದೇ ಮಲಪ್ರಭೆಯ ಕಣಿವೆಯಲ್ಲಿ ಕಲ್ಲನ್ನು ಒಡೆದು ಕೈಗೊಡಲಿಗಳನ್ನು ಮಾಡಿಕೊಂಡಿದ್ದನು. ಶಿಲ್ಪಿಯ ಕಲ್ಲಿನಲ್ಲಿಯೂ ಬೇಡನ ಕಲ್ಲಿನಲ್ಲಿಯೂ ಇರುವ ದ್ರವ್ಯವು ಮುಖ್ಯವಾಗಿ ಒಂದೇ, ಅದು ಬೆಣಚು. ಆದರೂ ಒಬ್ಬನ ಕಲ್ಲು ಮತ್ತೊಬ್ಬನ ಕೆಲಸಕ್ಕೆ ಬಾರದು. ಈ ಭೇದವನ್ನು ಅರಿಯದವರಿಗೆ ನಾಡಿನ ಪ್ರಾಚೀನ ಚರಿತ್ರೆಯ ಒಂದು ಮುಖ್ಯ ಸಾಕ್ಷ್ಯವು ಕೈತಪ್ಪಿ ಹೋಗುವುದು.

ಬೆಣಚಿನ ಮರಳು ನೀರಿನಿಂದಲೋ ಗಾಳಿಯಿಂದಲೋ ಒಂದೆಡೆ ಶೇಖರವಾಗಿ, ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಮರಳುಗಲ್ಲಾಗುವುದು. ಕಣಗಳ ನಡುವಣ ಸಂದುಗಳನ್ನು ಸಿಲಿಕಾ ದ್ರವ್ಯವೇ ಸಂಪೂರ್ಣವಾಗಿ ತುಂಬಿ, ಅಂಟು ಕಣದಷ್ಟೇ ಗಟ್ಟಿಯಾದರೆ ಅದು ಕ್ವಾರ್ಟ್‌ಜೈಟ್ ಎನ್ನಿಸಿಕೊಳ್ಳುವುದು. ಮೂರನೆಯದಾದ ಚರ್ಟ್ ಎಂಬ ಶಿಲೆಯು ಚಕಮಕಿ ಕಲ್ಲಿನ ಜಾತಿಯದು, ಅದು ಮರಳಿನಿಂದಾದುದಲ್ಲ. ನೀರಿನಲ್ಲಿ ಕರಗಿದ್ದ ಸಿಲಿಕಾ ಸೂಕ್ಷ್ಮ ಸ್ಫಟಿಕಗಳಾಗಿ ಗಟ್ಟಿಗೊಂಡು ಅದು ಉಂಟಾಗುವುದು.

ಚೂರಿಯಿಂದ ಗೀರಿ ಇವುಗಳನ್ನು ಬೇರ್ಪಡಿಸಲಾಗದು; ಬೆಣಚು ಉಕ್ಕಿಗಿಂತ ಗಟ್ಟಿಯಾದುದು. ಹೊಸದಾಗಿ ಒಡೆದ ಮುಖವೇ ಇಲ್ಲಿ ನಿಜವಾದ ಪರೀಕ್ಷೆ. ಮರಳುಗಲ್ಲು ಕಣಗಳನ್ನು ಬಳಸಿಕೊಂಡು ಒಡೆಯುವುದು. ಮುಟ್ಟಿದರೆ ಒರಟು, ಉಜ್ಜಿದರೆ ಅನೇಕ ವೇಳೆ ಮರಳು ಉದುರುವುದು. ಕ್ವಾರ್ಟ್‌ಜೈಟಿನಲ್ಲಿ ಬಿರುಕು ಕಣಗಳನ್ನೇ ಸೀಳಿಕೊಂಡು ಹೋಗುವುದು. ಮಸೂರದಿಂದ ನೋಡಿದರೆ ಕಣಗಳು ಕಾಣುವುವು, ಆದರೆ ಅಂಚು ಹರಿತವಾಗಿರುವುದು. ಚರ್ಟಿನಲ್ಲಿಯಾದರೋ ಮಸೂರಕ್ಕೂ ಕಣ ಕಾಣದು; ಮೇಣದಂಥ ಮಂದ ಹೊಳಪಿನೊಡನೆ ಚಿಪ್ಪಿನಾಕಾರದಲ್ಲಿ ಅದು ಒಡೆಯುವುದು.

ಕಣ್ಣಿಗೂ ಮಸೂರಕ್ಕೂ ನಿಲುಕದ ಇನ್ನೊಂದು ಭೇದವುಂಟು. ಕೆಲವು ಕ್ವಾರ್ಟ್‌ಜೈಟುಗಳು ಕೇವಲ ಅಂಟಿನಿಂದ ಬಿಗಿದುವು. ಬೇರೆ ಕೆಲವು ಭೂಗರ್ಭದ ಕಾವು ಒತ್ತಡಗಳಿಂದ ರೂಪಾಂತರ ಹೊಂದಿದುವು. ಇಂಗ್ಲೆಂಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಎಂಬ ವಿದ್ವಾಂಸನು ಶಿಲೆಯನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಬಳಕೆಗೆ ತಂದನು. ಬೆಣಚಿನ ಕಣದ ಸುತ್ತಲೂ ಹೊಸ ಬೆಣಚು ಬೆಳೆದಿರುವುದನ್ನು 1880ರಲ್ಲಿ ಅವನು ವರ್ಣಿಸಿದನು. ಹೀಗೆ ಮೂಲ ಕಣದ ದುಂಡಗಿನ ಗೆರೆ ಉಳಿದಿದ್ದರೆ ಶಿಲೆಯು ಮೊದಲನೆಯ ಬಗೆಯದು. ಆ ಗೆರೆ ಅಳಿದು ಕಣಗಳು ಒಂದರಲ್ಲೊಂದು ಹೆಣೆದುಕೊಂಡಿದ್ದರೆ ಎರಡನೆಯದು.

ಭರತಖಂಡದ ಹಳೆಯ ಶಿಲಾಯುಗವನ್ನು ಬೆಳಕಿಗೆ ತಂದ ರಾಬರ್ಟ್ ಬ್ರೂಸ್ ಫೂಟನು ಭೂವಿಜ್ಞಾನಿಯಾಗಿದ್ದುದು ಆಕಸ್ಮಿಕವಲ್ಲ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ದೊರೆತ ಕಲ್ಲಿನಲ್ಲಿ ಮನುಷ್ಯನ ಕೈವಾಡವನ್ನು ಗುರುತಿಸಿದವನು ಅವನೇ. 1876ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಕಲಾದಗಿಯ ಶಿಲಾಶ್ರೇಣಿಯ ವರ್ಣನೆಯಿರುವುದು. ಬಾದಾಮಿಯ ಮರಳುಗಲ್ಲನ್ನು ಅವನು ಅದರಲ್ಲಿಯೇ ಸೇರಿಸಿದ್ದನು. ಕೆಳಗಿನ ಪದರಗಳು ಮಡಿಸಿ ಓರೆಯಾಗಿರುವುದನ್ನೂ, ಅವು ಸವೆದ ಮೇಲೆ ಬಾದಾಮಿಯ ಪದರಗಳು ಬಹುಮಟ್ಟಿಗೆ ಸಮತಲವಾಗಿ ಹಾಸಿರುವುದನ್ನೂ ಗಮನಿಸಿ ಮುಂದಿನ ಭೂವಿಜ್ಞಾನಿಗಳು ಇವನ್ನು ಬೇರೆ ಗುಂಪಾಗಿ ವಿಂಗಡಿಸಿದರು.

ಚರಿತ್ರಕಾರನಿಗೆ ಇದರಿಂದ ಆಗುವ ಪ್ರಯೋಜನವೇನು? ಕಣಿವೆಯ ಕೈಗೊಡಲಿಗಳು ಬಹುತರವಾಗಿ ಕ್ವಾರ್ಟ್‌ಜೈಟಿನವು, ಗುಹಾಲಯಗಳು ಮರಳುಗಲ್ಲಿನವು. 1954ರಲ್ಲಿ ಉತ್ಖನನವಾದ ಮಸ್ಕಿಯ ನೀಳವಾದ ಸಣ್ಣ ಅಲಗುಗಳಿಗೆ ಚರ್ಟಿನಂಥ ನಯವಾದ ಶಿಲೆಯೇ ಬೇಕಾಯಿತು. ಕಲ್ಲಿನ ಹೆಸರು ಸರಿಯಾಗಿದ್ದರೆ ಅದು ಎಲ್ಲಿಯದು, ಎಷ್ಟು ದೂರದಿಂದ ಬಂದಿತು ಎಂದು ಕೇಳಬಹುದು. ಎಲ್ಲವನ್ನೂ ಬೆಣಚುಕಲ್ಲೆಂದು ಬರೆದಿಟ್ಟರೆ ಆ ಪ್ರಶ್ನೆಯೇ ಹುಟ್ಟದು. ಆದರೆ ಪ್ರಾಚೀನ ಆಯುಧವನ್ನು ಪರೀಕ್ಷೆಗೆಂದು ಒಡೆಯುವುದು ಸಲ್ಲದು. ಬಹುಕಾಲದ ಬಿಸಿಲು ಮಳೆಗಳು ಅದರ ಮೇಲ್ಮೈಯನ್ನು ಮಾಸಿಸಿ ಕಣ್ಣನ್ನು ವಂಚಿಸುವುದೂ ಉಂಟು. ಆದುದರಿಂದ ಅದು ಸಿಕ್ಕಿದ ಸ್ಥಳದ ಬಂಡೆಯ ಚೂರೊಂದನ್ನು ಒಡೆದು, ಆಯುಧದೊಡನೆ ಹೋಲಿಸಿ, ಎರಡನ್ನೂ ಒಟ್ಟಿಗೆ ಕಾಯ್ದಿಡುವುದೇ ಉಚಿತವಾದ ಮಾರ್ಗವು.