ಟೋಪಿ, ರೈಲು ಮತ್ತು ಬಂದೂಕು

ಆಸ್ಟ್ರೇಲಿಯಾದ ಸಂಪ್ರದಾಯವಾದಿ ರಾಜಕಾರಣಿಗಳಲ್ಲಿ ನನಗೆ ಇಷ್ಟವಾಗೋದು ಟಿಮ್ ಫಿಶರ್. ಬೋರೀ ಕ್ರೀಕ್‌ನ ರೈತ, ವಿಯೆಟ್ನಾಂ ಯುದ್ಧ ಕಂಡವರು, ತಲೆಮೇಲೆ ಅಗಲ ಟೋಪಿ, ಜೊತೆಗೆ ರೈಲಿನ ಹುಚ್ಚು! 1990ರಲ್ಲಿ ಹಳ್ಳಿಗರ ನ್ಯಾಷನಲ್ ಪಾರ್ಟಿಯ ನಾಯಕರಾದರು, 1996ರ ಮಾರ್ಚ್‌ನಲ್ಲಿ ಉಪಪ್ರಧಾನಿ. ಮರುತಿಂಗಳೇ ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ 35 ಜನರನ್ನು ಗುಂಡಿಟ್ಟು ಕೊಂದ. ಪ್ರಧಾನಿ ಹೋವರ್ಡ್ ಬಂದೂಕು ಕಾನೂನು ಬಿಗಿ ಮಾಡಹೊರಟರು. ಆದರೆ ನೋಡಿ, ಬಂದೂಕುಗಳಿದ್ದದ್ದು ಫಿಶರ್‌ಗೆ ಓಟು ಹಾಕುವವರ ಮನೆಗಳಲ್ಲೇ! ಓಟಿನ ಲೆಕ್ಕ ಹಾಕಿದ್ದರೆ ಸುಮ್ಮನಿರಬಹುದಿತ್ತು. ಇವರು ಅದೇ ಜನರೆದುರು ನಿಂತು, ಬೈಸಿಕೊಂಡು, ಕಾನೂನನ್ನು ಸಮರ್ಥಿಸಿದರು. ಗಿಂಪಿಯಲ್ಲಿ ಇವರ ಪ್ರತಿಕೃತಿಗೆ ನೇಣು ಹಾಕಿದರು. ಸರಕಾರ 6 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆಯಿತು. ಸಿಟ್ಟಾದ ಹಳ್ಳಿಗರಲ್ಲಿ ಹಲವರು ವನ್ ನೇಷನ್ ಪಕ್ಷದ ಕಡೆ ವಾಲಿದರು. 1999ರಲ್ಲಿ ಫಿಶರ್ ಪದವಿ ಬಿಟ್ಟರು. 2019ರಲ್ಲಿ ತೀರಿಕೊಂಡಾಗ ಅವರ ಶವಪೆಟ್ಟಿಗೆ ಆಲ್ಬರಿಗೆ ಬಂದದ್ದು ರೈಲಿನಲ್ಲೇ.